ಗೊತ್ತಿದ್ದೂ ಕೈ ಮುಂದಾಗದಿದ್ದರೆ

ಪ್ರಿಯ ಓದುಗರೇ,

36ನೇ ವಯಸ್ಸಿನಲ್ಲಿ ನಿಮಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ಸಮಸ್ಯೆ) ಇದೆ ಎಂದು ವೈದ್ಯರು ಹೇಳಿದ್ದಾರೆ. ಮನೆಯವರು ಮಾತ್ರ ಒಪ್ಪುತ್ತಿಲ್ಲ. "ಚಿತ್ರ ಬಿಡಿಸೋಕೆ ಕೂತರೆ ಐದು ಗಂಟೆ ಏಳಲ್ಲ, ಕರೆಂಟ್ ಬಿಲ್ ಕಟ್ಟೋಕೆ ಮಾತ್ರ ಮರೆವಾ? ಸುಮ್ನೆ ಸೋಮಾರಿತನ" ಅನ್ನುತ್ತಾರೆ. ಅವರು ಹೇಳುವುದೇ ನಿಜ ಇರಬಹುದಾ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ.

ಗಮನದ ಕೊರತೆ ಅನ್ನುವ ಹೆಸರೇ ಜನರನ್ನು ದಾರಿ ತಪ್ಪಿಸಿದೆ. ಗಮನವೇ ಇಲ್ಲದವರು ಐದು ಗಂಟೆ ಕೂತು ಚಿತ್ರ ಬಿಡಿಸುತ್ತಾರಾ? ನಿಮ್ಮಲ್ಲಿ ಗಮನ ಇದೆ, ಆದರೆ ಕರೆದ ಕಡೆ ಬರುವುದಿಲ್ಲ. ಒಮ್ಮೆ ಕೂತರೆ ಎಬ್ಬಿಸೋಕೂ ಆಗುವುದಿಲ್ಲ. ಆಸಕ್ತಿ ಇರಬೇಕು, ಇಲ್ಲವೇ ನಾಳೆಯೇ ಕೊನೆಯ ದಿನ ಅನ್ನುವ ಗಾಬರಿ ಇರಬೇಕು. ಆಗ ಮನಸ್ಸು ಹೊರಡುತ್ತದೆ. ಇದರಲ್ಲಿ ಮೆದುಳಿನ ಮುಂಭಾಗದ ಕೆಲಸವೂ ಡೋಪಮೈನ್ ಎಂಬ ರಾಸಾಯನಿಕದ ಪಾತ್ರವೂ ಇದೆ. ಬಿಲ್ ಕಟ್ಟಬೇಕು ಅನ್ನುವುದು ಬೆಳಗಿನಿಂದ ಗೊತ್ತು, ಫೋನೂ ಕೈಯಲ್ಲೇ ಇದೆ, ಆದರೂ ಕೈ ಮುಂದಾಗುವುದಿಲ್ಲ. ರಾತ್ರಿ ಅದನ್ನೇ ನೆನೆದು ಅತ್ತೆ ಎಂದು ಬರೆದಿದ್ದೀರಿ. ಸೋಮಾರಿಗಳು ಹಾಗೆ ಅಳುವುದಿಲ್ಲ.

ಇಷ್ಟು ತಡವಾಗಿ ಗೊತ್ತಾಗಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಶುರುವಾಗಿರುತ್ತವೆ, ನಿಜ. ಆದರೆ ತರಗತಿಯಲ್ಲಿ ಓಡಾಡುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂತ ಹುಡುಗಿ ಬೀಳುವುದಿಲ್ಲ. ಹುಡುಗಿಯರಲ್ಲಿ ಇದು ಕೈತಪ್ಪಿಹೋಗುವುದು ಜಾಸ್ತಿ. ನಿಮ್ಮ ತಂದೆಯೂ ಹೀಗೇ ಇದ್ದರು ಅಂದಿದ್ದೀರಲ್ಲ, ಅದರಲ್ಲೂ ಆಶ್ಚರ್ಯವಿಲ್ಲ. ಇದು ವಂಶದಲ್ಲಿ ಹರಿದು ಬರುವುದು ಬಹಳ. ಮೊಬೈಲ್ ಕಾಲದ ಕಾಯಿಲೆ ಅನ್ನುವವರಿಗೆ ಒಂದು ಮಾತು: ಮನಸ್ಸು ಒಂದೇ ಕಡೆ ನಿಲ್ಲದ ಇಂಥ ಸ್ಥಿತಿಯ ಬಗ್ಗೆ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲೇ ಬರೆದಿದ್ದರು.

ಮಾತ್ರೆ ತಗೊಳ್ಳಲು ಹಿಂಜರಿಕೆ ಎಂದಿದ್ದೀರಿ. ಮೀಥೈಲ್‌ಫೆನಿಡೇಟ್‌ನಂಥ ಔಷಧಿ ಅನೇಕರಿಗೆ ನೆರವಾಗಿದೆ. ನಿದ್ದೆ, ಹಸಿವು, ರಕ್ತದೊತ್ತಡದ ಮೇಲೆ ಅದರ ಪರಿಣಾಮ ಏನು ಎಂದು ವೈದ್ಯರನ್ನೇ ಬಿಡಿಸಿ ಕೇಳಿ. ನಾಚಿಕೆಗಾಗಿ ಬೇಡ ಅನ್ನಬೇಡಿ.

ದಿನದ ಕೆಲಸಗಳನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ, ಕಣ್ಣಿಗೆ ಬೀಳುವ ಕಡೆ ಬರೆದು ಅಂಟಿಸಿ. ಬಿಲ್ ತಾನಾಗಿಯೇ ಕಟ್ಟಿಹೋಗುವಂತೆ ಬ್ಯಾಂಕಿಗೆ ಹೇಳಿಡಿ. ಉಳಿದ ಬೇಸರದ ಕೆಲಸಗಳಿಗೆ ಮನೆಯವರಲ್ಲಿ ಒಬ್ಬರನ್ನು ಹತ್ತು ನಿಮಿಷ ಪಕ್ಕದಲ್ಲಿ ಕೂರಲು ಕೇಳಿ. ಅವರು ಏನೂ ಮಾಡಬೇಕಿಲ್ಲ, ಬೈಯದೆ ಕೂತಿದ್ದರೆ ಸಾಕು. ಈ ಉತ್ತರವನ್ನು ಅವರಿಗೂ ಓದಲು ಕೊಡಿ.

ಸಂಪಾದಕರು