ಬಿಎಸ್ಸಿ ಓದುವವನು ‘ಪದವಿಪೂರ್ವ’ದವನಲ್ಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಸುತ್ತಿ ಸುತ್ತಿ ಕೇಳಿವೆ: ಯಾವ ಹಂತದಲ್ಲಿ ಓದುವವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಹಿಂದೆ ಎರಡು ಸಲ ಚುಟುಕಾಗಿ ಉತ್ತರಿಸಿದ್ದೆ, ಸಾಲಲಿಲ್ಲ. ಪ್ರಾಥಮಿಕ ಶಾಲೆ ಯಾವುದು, ಪ್ರೌಢಶಾಲೆ ಯಾವುದು ಎಂದು ಹೇಳುತ್ತ ಕೂರುವುದಿಲ್ಲ. ನೇರವಾಗಿ ಜಗಳದ ಜಾಗಕ್ಕೇ ಬರುತ್ತೇನೆ.

ಪ್ರಶ್ನೆ: ಮಗ ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾನೆ. ಅವನಿಗೆ ಬಹುಮಾನ ಬಂದಾಗ ಒಂದು ಸುದ್ದಿಯಲ್ಲಿ ‘ಪದವಿಪೂರ್ವ ವಿದ್ಯಾರ್ಥಿ’ ಎಂದಿತ್ತು, ಇನ್ನೊಂದರಲ್ಲಿ ‘ಸ್ನಾತಕ’, ಮತ್ತೊಂದರಲ್ಲಿ ‘ಪದವೀಧರ ವಿದ್ಯಾರ್ಥಿ’. ಯಾವುದು ಸರಿ?

ಮೂರೂ ತಪ್ಪು. ನಿಮ್ಮ ಮಗ ಪದವಿ ವಿದ್ಯಾರ್ಥಿ. ಇಷ್ಟು ಸರಳ ಮಾತು ಕಣ್ಣೆದುರೇ ಇರುವಾಗ ಬೇರೆ ಮೂರನ್ನು ಹುಡುಕಿಕೊಂಡು ಹೋಗಿದ್ದಾರಲ್ಲ ಎಂದು ನನಗೆ ನಿಜಕ್ಕೂ ಬೇಸರ.

ಮೊದಲನೆಯದು ‘ಅಂಡರ್‌ಗ್ರ್ಯಾಜುಯೇಟ್’ ಪದವನ್ನು ತುಂಡು ಮಾಡಿ, ತುಂಡಿಗೊಂದು ಕನ್ನಡ ಅಂಟಿಸಿದ್ದರ ಫಲ. ಬಿಡಿಬಿಡಿಯಾಗಿ ನೋಡಿದರೆ ಸರಿ ಎಂದೇ ಕಾಣುತ್ತದೆ: ಪದವಿಗೆ ಮುಂಚಿನವನು ಪದವಿಪೂರ್ವದವನು. ಆದರೆ ಕರ್ನಾಟಕದಲ್ಲಿ ಆ ಪದಕ್ಕೆ ಆಗಲೇ ಯಜಮಾನರಿದ್ದಾರೆ. ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಸೇರಿದ ಹದಿನಾರು, ಹದಿನೇಳರ ಮಕ್ಕಳು ಅವರು. ಕಾಲೇಜಿನ ಫಲಕದಲ್ಲಿ, ಅಂಕಪಟ್ಟಿಯಲ್ಲಿ, ಇಲಾಖೆಯ ಹೆಸರಿನಲ್ಲಿ ಎಲ್ಲೆಡೆ ಇರುವುದು ಇದೇ ಅರ್ಥ. ಯಂತ್ರಾನುವಾದವನ್ನು ನಂಬಿ ಬರೆಯುವವರು ಬಿಎಸ್ಸಿಯವನನ್ನು ಎರಡು ಮೂರು ವರ್ಷ ಹಿಂದಕ್ಕೆ ದೂಡುತ್ತಾರೆ. ಅಮೆರಿಕದ ‘ಗ್ರ್ಯಾಜುಯೇಟ್ ಸ್ಟೂಡೆಂಟ್’ ಬಂದರೆ ತಪ್ಪು ಇನ್ನೊಂದು ದಿಕ್ಕಿಗೆ ವಾಲುತ್ತದೆ. ಅಲ್ಲಿ ಆ ಮಾತು ಎಂಎಸ್ ಅಥವಾ ಪಿಎಚ್‌ಡಿ ಮಾಡುತ್ತಿರುವವರಿಗೆ ಸಲ್ಲುತ್ತದೆ, ನಮ್ಮ ಸುದ್ದಿಯಲ್ಲಿ ಅವರು ‘ಪದವೀಧರ ವಿದ್ಯಾರ್ಥಿ’ ಆಗುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿ, ಸಂಶೋಧನಾ ವಿದ್ಯಾರ್ಥಿ ಎಂದರೆ ಯಾರಿಗೂ ಗೊಂದಲವಾಗದು.

ಇನ್ನು ಸ್ನಾತಕ. ಹೆಚ್ಚು ಜನ ಎಡವುವುದು ಇಲ್ಲೇ, ಸ್ವಲ್ಪ ನಿಂತು ನೋಡೋಣ. ಸ್ನಾತಕ ಎಂದರೆ ಮಿಂದವನು. ಗುರುವಿನ ಮನೆಯಲ್ಲಿ ಓದು ಮುಗಿದ ಮೇಲೆ ಸಮಾವರ್ತನದ ಸ್ನಾನ ಮಾಡಿ, ಬ್ರಹ್ಮಚಾರಿಯ ವೇಷ ಕಳಚಿ ಮನೆಗೆ ಮರಳುವವನಿಗೆ ಆ ಹೆಸರು. ಮದುವೆಮನೆಯಲ್ಲಿ ಕೊಡೆ, ಕೋಲು ಹಿಡಿದು ಕಾಶಿಯಾತ್ರೆಗೆ ಹೊರಡುವ ವರನನ್ನು ನೋಡಿದ್ದೀರಲ್ಲ, ಅವನು ಸ್ನಾತಕ. ಮನೆಯ ಸಂಸ್ಕಾರಗಳ ವಿಧಿ ಬರೆದ ಗೃಹ್ಯಸೂತ್ರಕಾರರು ಇದರಲ್ಲೂ ಮೂರು ಬಗೆ ಹೇಳಿದ್ದಾರೆ. ವೇದಾಧ್ಯಯನ ಮುಗಿದು ಬ್ರಹ್ಮಚರ್ಯದ ವ್ರತ ಮುಗಿಯದವನು ವಿದ್ಯಾಸ್ನಾತಕ, ವ್ರತದ ಅವಧಿ ಮುಗಿದು ಅಧ್ಯಯನ ಮುಗಿಯದವನು ವ್ರತಸ್ನಾತಕ, ಎರಡನ್ನೂ ಮುಗಿಸಿದವನು ವಿದ್ಯಾವ್ರತಸ್ನಾತಕ. ಅಷ್ಟು ಎಚ್ಚರದಿಂದ ಅಳೆದು ಕೊಟ್ಟ ಹೆಸರು ಅದು. ಎರಡನೇ ವರ್ಷದ ಹುಡುಗ ಇನ್ನೂ ನೀರಿಗೇ ಇಳಿದಿಲ್ಲ.

ಹಾಗಾದರೆ ‘ಸ್ನಾತಕ ಪದವಿ’? ಅದು ಸರಿ, ಯಾವ ಪದವಿ ಪಡೆದರೆ ಸ್ನಾತಕನಾಗುತ್ತಾನೋ ಅದು. ಸ್ನಾತಕನಾದ ಮೇಲಿನದು ಸ್ನಾತಕೋತ್ತರ. ಅಕಾರಕ್ಕೆ ಉಕಾರ ಸೇರಿದರೆ ದೀರ್ಘ ಓಕಾರ, ದಯವಿಟ್ಟು ‘ಸ್ನಾತಕೊತ್ತರ’ ಎಂದು ಬರೆಯಬೇಡಿ. ಎಂಎ ಓದುತ್ತಿರುವವಳನ್ನು ‘ಸ್ನಾತಕೋತ್ತರ ಪದವೀಧರೆ’ ಎನ್ನುವುದೂ ನಿಲ್ಲಲಿ. ಆಕೆ ಆ ಪದವಿಯನ್ನು ಇನ್ನೂ ಪಡೆದಿಲ್ಲ.

‘ಪದವೀಧರ’ದ ವಿಷಯದಲ್ಲಿ ನಾನು ಅತಿ ಎಚ್ಚರದವನು. ಅದು ಬರೀ ಗೌರವದ ಮಾತಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರ ಕ್ಷೇತ್ರಗಳವು. ಅಲ್ಲಿ ಮತದಾರರಾಗಲು ಪದವಿ ಮುಗಿದು ಕನಿಷ್ಠ 3 ವರ್ಷ ಆಗಿರಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ಕೊನೆಯ ಸೆಮಿಸ್ಟರಿನ ಫಲಿತಾಂಶಕ್ಕೆ ಕಾಯುತ್ತಿರುವಾಗಲೇ ಕೆಲಸದ ಅರ್ಜಿಯಲ್ಲಿ ‘ಪದವೀಧರೆ’ ಎಂದು ತುಂಬಿದಳು. ದಾಖಲೆ ಪರಿಶೀಲನೆಯ ದಿನ ಅರ್ಜಿಯನ್ನು ತಳ್ಳಿಹಾಕಿದರು. ಹೋಗಿ ಕೇಳಿದೆ, ಒಪ್ಪಲಿಲ್ಲ. ಫಲಿತಾಂಶ ಕೈಗೆ ಬರುವ ತನಕ ‘ಅಂತಿಮ ವರ್ಷದ ಪದವಿ ವಿದ್ಯಾರ್ಥಿ’ ಎಂದಷ್ಟೇ ಬರೆಯಿರಿ.

ಪ್ರಶ್ನೆ: ‘ವಿದ್ಯಾರ್ಥಿನಿ’ ತಪ್ಪಂತೆ, ‘ವಿದ್ಯಾರ್ಥಿ’ಯೇ ಇಬ್ಬರಿಗೂ ಸಾಕಂತೆ. ಹೌದೇ?

ತಪ್ಪಲ್ಲ. ವ್ಯಾಕರಣ ಎರಡು ರೂಪವನ್ನೂ ಒಪ್ಪುತ್ತದೆ. ತಪ್ಪು ಇರುವುದು ‘ವಿಧ್ಯಾರ್ಥಿ’ಯಲ್ಲಿ. ಟ್ಯೂಷನ್ ಕೇಂದ್ರದ ಫಲಕದಲ್ಲಿ ಅದು ಕಂಡರೆ ಮಗುವನ್ನು ಬೇರೆ ಕಡೆ ಸೇರಿಸಿ.

ಪ್ರಶ್ನೆ: ಫ್ರೆಶ್‌ಮನ್, ಸೋಫೊಮೋರ್, ಜೂನಿಯರ್, ಸೀನಿಯರ್‌ಗಳಿಗೆ ಕನ್ನಡ ಪದ ಕೊಡಿ.

ಮೊದಲ ವರ್ಷ, ಎರಡನೇ ವರ್ಷ, ಮೂರು, ನಾಲ್ಕು. ನಾವು ಎಣಿಸುವ ಜನ. ಉತ್ತರ ಕರ್ನಾಟಕದ ಹಿರಿಯರು ‘ಏಳನೇ ಇಯತ್ತೆ, ಮುಲ್ಕಿ ಪಾಸು’ ಎನ್ನುತ್ತಿದ್ದರು (ಇಯತ್ತೆ ಎಂದರೆ ತರಗತಿ, ಮುಲ್ಕಿ ಎಂದರೆ ಏಳನೆಯದರ ಪರೀಕ್ಷೆ), ಒಂದೇ ಉಸಿರಿಗೆ ಓದಿನ ಮಟ್ಟ ತಿಳಿಯುತ್ತಿತ್ತು.

ಪ್ರಶ್ನೆ: ಶಿ ಎಂದರೆ ಶಿಸ್ತು, ಕ್ಷ ಎಂದರೆ ಕ್ಷಮೆ, ಕ ಎಂದರೆ ಕರುಣೆ, ಹಾಗಾಗಿ ‘ಶಿಕ್ಷಕ’. ‘ಶಿಷ್ಯ’ಕ್ಕೂ ಹೀಗೆ ಬಿಡಿಸಿ.

ಬಿಡಿಸುವುದಿಲ್ಲ. ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಇದನ್ನು ಕೇಳಿ ಕೇಳಿ ರೋಸಿದ್ದೇನೆ. ಶಿಸ್ತು ಮರಾಠಿಯ ದಾರಿಯಲ್ಲಿ ಬಂದ ಪದ, ಸಂಸ್ಕೃತದ ಶಿಕ್ಷಕನಿಗೂ ಅದಕ್ಕೂ ಸಂಬಂಧವಿಲ್ಲ. ಶಿಷ್ಯ ಎಂದರೆ ಉಪದೇಶಕ್ಕೆ ಅರ್ಹ, ಅಷ್ಟೇ.

ಪ್ರಶ್ನೆ: ಸಂಸ್ಕೃತದ ಹಂಗಿಲ್ಲದ ಹಳೆಯ ಪದ ಇರಲಿಲ್ಲವೇ?

ಶ್ರವಣಬೆಳಗೊಳದ ಶಾಸನಗಳಲ್ಲಿ ಜೈನ ಗುರುಗಳ ಶಿಷ್ಯ ‘ಗುಡ್ಡ’, ಶಿಷ್ಯೆ ‘ಗುಡ್ಡಿ’. ಸಂಸ್ಕೃತದ ‘ಛಾತ್ರ’ವನ್ನೂ ಹಳಗನ್ನಡ ‘ಚಟ್ಟ’ ಎಂದು ತನ್ನದಾಗಿಸಿಕೊಂಡಿತ್ತು. ಇಂದು ಗುಡ್ಡವೆಂದರೆ ಬೆಟ್ಟ, ಚಟ್ಟವೆಂದರೆ ಹೆಣ ಹೊರುವುದು, ಎರಡೂ ಮರಳಿ ಬರಲಾರವು. ‘ಓದುವ ಹುಡುಗ’, ‘ಓದುವ ಹುಡುಗಿ’ ಎನ್ನಿ. ಅಂಗನವಾಡಿಯಿಂದ ಪಿಎಚ್‌ಡಿಯ ತನಕ ಊರಿನವರು ಕೇಳುವುದು ‘ಮಗಳು ಏನು ಓದ್ತಿದಾಳೆ?’ ಎಂದೇ.