ಲಿಕ್ವಿಡ್, ಪೌಡರ್, ಸ್ಟಿಕ್, ಕುಶನ್: ಮೊದಲ ಸಲ ಫೌಂಡೇಶನ್ ಕೊಳ್ಳುವವರು ಯಾವುದನ್ನು ಆರಿಸಬೇಕು?

ಮಧ್ಯಾಹ್ನದ ಹೊತ್ತಿಗೆ ಹಣೆ, ಮೂಗು ಜಿಡ್ಡಾಗುತ್ತದೆ, ಕೆನ್ನೆ ಮಾತ್ರ ಒಣಗಿ ಬಿಗಿಯುತ್ತದೆ, ದಿನಾ ಕೆಲಸಕ್ಕೆ ಹೋಗುವಾಗ ಹಚ್ಚಿಕೊಳ್ಳಲು ಒಂದು ಫೌಂಡೇಶನ್ ಬೇಕು ಅಂತ ಕೇಳಿದ್ದೀರಿ. ನಿಮಗೆ ನಾನು ಹೇಳುವುದು ಲಿಕ್ವಿಡ್. ಅದರಲ್ಲೂ ತೆಳುವಾಗಿ ಹರಡುವಂಥದ್ದು, ನ್ಯಾಚುರಲ್ ಅಥವಾ ಸ್ಯಾಟಿನ್ ಫಿನಿಶ್ (ಅಂದರೆ ಹಚ್ಚಿದ ಮೇಲೆ ತೀರಾ ಹೊಳೆಯದೆ, ತೀರಾ ಮಂಕಾಗದೆ ಕಾಣುವ ಹಾಗೆ) ಇರುವಂಥದ್ದು. ಪೌಡರ್ ಬೇಕಾದರೆ ಹಣೆಗೆ, ಮೂಗಿಗೆ ಮಾತ್ರ, ಮೇಲಿಂದ ಸ್ವಲ್ಪ.

ಯಾಕೆ ಅಂತ ಹೇಳುತ್ತೇನೆ. ನಾನು ಬಹಳ ವರ್ಷಗಳಿಂದ ಬೇರೆಯವರಿಗೆ ಮೇಕಪ್ ಮಾಡುತ್ತಿದ್ದೇನೆ. ಹಚ್ಚಿದ ಕೂಡಲೇ ನೋಡಿದರೆ ಹೆಚ್ಚುಕಡಿಮೆ ಎಲ್ಲ ಫೌಂಡೇಶನ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಮೂರ್ನಾಲ್ಕು ಗಂಟೆ ಕಳೆದ ಮೇಲೆ ನಿಮ್ಮ ಚರ್ಮದ ಜೊತೆ ಅದು ಹೇಗೆ ಹೊಂದಿಕೊಂಡಿದೆ ಅನ್ನುವುದೇ ಮುಖ್ಯ. ಜನ ಆರಿಸುವಾಗ ಅದನ್ನೇ ನೋಡುವುದಿಲ್ಲ.

ಪೌಡರ್ ಫೌಂಡೇಶನ್ ಎಣ್ಣೆ ಹೀರಿಕೊಳ್ಳುತ್ತದೆ, ಹಾಗಾಗಿ ಮುಖವೆಲ್ಲ ಜಿಡ್ಡಾಗುವವರಿಗೆ ಅದು ಒಳ್ಳೆಯದೇ. ಆದರೆ ಒಣಗಿದ ಕೆನ್ನೆಯ ಮೇಲೆ ಎದ್ದ ಸಣ್ಣ ಸಿಪ್ಪೆಗಳಿಗೆಲ್ಲ ಅದು ಅಂಟಿಕೊಂಡು, ಕಾಣದೇ ಇದ್ದದ್ದನ್ನೂ ಎತ್ತಿ ತೋರಿಸುತ್ತದೆ. ಸ್ಟಿಕ್‌ನಲ್ಲಿ ಮೇಣ, ಎಣ್ಣೆ ಜಾಸ್ತಿ. ಒಣ ಚರ್ಮಕ್ಕೆ, ಕಪ್ಪು ಕಲೆ ಮುಚ್ಚಲು ಚೆನ್ನ, ಆದರೆ ನಿಮ್ಮ ಮೂಗಿನ ಮೇಲೆ ಜಾರಿಬಿಡುತ್ತದೆ. ಕುಶನ್ ಅಂದರೆ ಡಬ್ಬಿಯೊಳಗಿನ ಸ್ಪಂಜಿನಲ್ಲಿ ನೆನೆದ ಲಿಕ್ವಿಡ್ಡೇ. 2008ರಲ್ಲಿ ಕೊರಿಯಾದ ಅಮೋರ್‌ಪೆಸಿಫಿಕ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಬ್ಯಾಗಿನಲ್ಲಿಟ್ಟುಕೊಂಡು ಮಧ್ಯೆ ಮಧ್ಯೆ ಒತ್ತಿಕೊಳ್ಳಲು ಬಹಳ ಅನುಕೂಲ. ಆದರೆ ಹೆಚ್ಚಿನವು ಮುಖಕ್ಕೆ ಹೊಳಪು ಕೊಡುವಂಥವು, ನಿಮ್ಮ ಹಣೆಗೆ ಇನ್ನಷ್ಟು ಹೊಳಪು ಬೇಕಿಲ್ಲ ಅಲ್ವಾ? ಜೊತೆಗೆ ಮುಖ ಮುಟ್ಟಿದ ಪಫ್ ಅದೇ ಸ್ಪಂಜನ್ನು ಮತ್ತೆ ಮತ್ತೆ ಮುಟ್ಟುತ್ತದೆ. ತೊಳೆಯುವ ಅಭ್ಯಾಸ ಇಲ್ಲದವರು, ಮೊಡವೆ ಇರುವವರು ಯೋಚಿಸಬೇಕು.

ನಿಮ್ಮಂಥ ಮಿಶ್ರ ಚರ್ಮಕ್ಕೆ ಲಿಕ್ವಿಡ್ ಹೊಂದುವುದಕ್ಕೆ ಕಾರಣ ಸರಳ. ಕೆನ್ನೆಗೆ ತೆಳುವಾಗಿ, ಬೇಕಾದ ಕಡೆ ಇನ್ನೊಂದು ಪದರ ಅಂತ ಜಾಗಕ್ಕೆ ತಕ್ಕ ಹಾಗೆ ಹಚ್ಚಬಹುದು. ಪೂರ್ತಿ ಮ್ಯಾಟ್, ಅಂದರೆ ಹೊಳಪೇ ಇಲ್ಲದ್ದು, ತಗೊಂಡರೆ ಕೆನ್ನೆ ಇನ್ನೂ ಬಿಗಿಯುತ್ತದೆ, ನಗುವಾಗ ಗೆರೆ ಬೀಳುತ್ತದೆ.

ಇನ್ನು ಫುಲ್ ಕವರೇಜ್, ಅಂದರೆ ಚರ್ಮದ ಬಣ್ಣವನ್ನು ಪೂರ್ತಿ ಮುಚ್ಚುವಂಥ ಫೌಂಡೇಶನ್ ವಿಷಯ. ದಿನಾ ಹಚ್ಚುವವರಿಗೆ ಅದು ಬೇಡ ಅನ್ನುವವಳು ನಾನು. ಫೌಂಡೇಶನ್ ಬಣ್ಣದ ವ್ಯತ್ಯಾಸವನ್ನು ಮುಚ್ಚುತ್ತದೆ, ಉಬ್ಬುತಗ್ಗನ್ನು ಮುಚ್ಚುವುದಿಲ್ಲ. ಮೊಡವೆಯ ಕೆಂಪು ಹೋದರೂ ಗುಳ್ಳೆ ಅಲ್ಲೇ ಇರುತ್ತದೆ, ದಪ್ಪ ಪದರದ ಅಡಿಯಲ್ಲಿ ಇನ್ನೂ ಎದ್ದು ಕಾಣುತ್ತದೆ. ಮುಖಕ್ಕೆಲ್ಲ ತೆಳು ಪದರ, ಕಲೆ ಇರುವಲ್ಲಿ ಮಾತ್ರ ಒಂದು ಚುಕ್ಕೆ ಕನ್ಸೀಲರ್ (ಕಲೆ ಮುಚ್ಚುವ ದಟ್ಟ ಕ್ರೀಮ್), ಅಷ್ಟು ಸಾಕು.

ಬಾಟಲಿಯ ಹಿಂದಿನ ಪಟ್ಟಿಯನ್ನು ದಯವಿಟ್ಟು ಓದಿ. ಮೊದಲ ಸಾಲುಗಳಲ್ಲಿ ಡೈಮೆಥಿಕೋನ್, ಸೈಕ್ಲೋಪೆಂಟಾಸಿಲಾಕ್ಸೇನ್ ಥರದ ಹೆಸರುಗಳಿದ್ದರೆ ಅದರಲ್ಲಿ ಸಿಲಿಕೋನ್ ಜಾಸ್ತಿ ಇದೆ ಅಂತ ಅರ್ಥ. ನುಣುಪಾಗಿ ಹರಡುತ್ತದೆ, ಜಾಸ್ತಿ ಹೊತ್ತು ನಿಲ್ಲುತ್ತದೆ. ಬರೀ ನೀರಿನ ಬೇಸ್ ಇರುವಂಥದ್ದು ಹಗುರ, ಆದರೆ ಬೆವರಿಗೆ ಬೇಗ ಸೋಲುತ್ತದೆ. ನೀವು ಫೌಂಡೇಶನ್ ಕೆಳಗೆ ಹಚ್ಚುವ ಪ್ರೈಮರ್ (ಮೇಕಪ್‌ಗೆ ಮೊದಲು ಚರ್ಮ ನುಣುಪು ಮಾಡಲು ಹಚ್ಚುವ ಕ್ರೀಮ್) ಅಥವಾ ಸನ್‌ಸ್ಕ್ರೀನ್‌ಗೂ ಇದಕ್ಕೂ ಹೊಂದಾಣಿಕೆ ಇರಬೇಕು. ಅದನ್ನು ಮುಖದ ಮೇಲೆ ಪರೀಕ್ಷೆ ಮಾಡಬೇಕಿಲ್ಲ. ಅಂಗೈ ಹಿಂಭಾಗದಲ್ಲಿ ಎರಡರದ್ದೂ ಒಂದೊಂದು ಹನಿ ಹಾಕಿ ಬೆರಳಿಂದ ಕಲಸಿ. ಒಡೆದ ಹಾಲಿನ ಹಾಗೆ ತುಣುಕು ತುಣುಕಾದರೆ, ಅಥವಾ ಸುರುಳಿ ಸುರುಳಿಯಾಗಿ ಎದ್ದು ಬಂದರೆ, ಆ ಜೋಡಿ ಬೇಡ.

ಬಣ್ಣದ ಆಯ್ಕೆಗೆ ಸ್ವಲ್ಪ ಸಮಯ ಕೊಡಿ. ಮಣಿಕಟ್ಟಿನ ಮೇಲೆ ಹಚ್ಚಿ ನೋಡುವುದು ಪ್ರಯೋಜನವಿಲ್ಲ, ಮುಖದ ಬಣ್ಣವೇ ಬೇರೆ. ಹತ್ತಿರ ಹತ್ತಿರ ಅನ್ನಿಸುವ ಎರಡು ಮೂರು ಶೇಡ್‌ಗಳನ್ನು ದವಡೆಯಿಂದ ಕುತ್ತಿಗೆ ಕಡೆಗೆ ಗೆರೆ ಎಳೆದ ಹಾಗೆ ಹಚ್ಚಿ, ಕಿಟಕಿ ಬೆಳಕಿಗೆ ಬನ್ನಿ. ಯಾವ ಗೆರೆ ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲವೋ ಅದೇ ನಿಮ್ಮದು. ಒಂದಿಷ್ಟು ಹೊತ್ತು ಕಾಯಿರಿ. ಚರ್ಮದ ಎಣ್ಣೆ ಸೇರಿದ ಮೇಲೆ ಕೆಲವು ಫೌಂಡೇಶನ್ ಒಂದು ಛಾಯೆ ಗಾಢವಾಗುತ್ತದೆ. ಶೇಡ್ ಸರಿಯಿದ್ದೂ ಮುಖ ಬೂದು ಬೂದಾಗಿ ಕಂಡರೆ ತೊಂದರೆ ಅಂಡರ್‌ಟೋನ್‌ದು, ಅಂದರೆ ಚರ್ಮದ ಮೇಲ್ಬಣ್ಣದ ಅಡಿಯಲ್ಲಿರುವ ಛಾಯೆಯದ್ದು. ಹಳದಿ ಛಾಯೆಯ ಚರ್ಮಕ್ಕೆ ಗುಲಾಬಿ ಛಾಯೆಯದ್ದು ಹಚ್ಚಿದಾಗ ಹೀಗಾಗುವುದು ಸಾಮಾನ್ಯ. ಬೆಳ್ಳಗೆ ಕಾಣಲಿ ಅಂತ ಒಂದು ಶೇಡ್ ಕಡಿಮೆ ತಗೊಳ್ಳಿ ಅನ್ನುವವರ ಮಾತು ಕೇಳಲೇಬೇಡಿ. ಗಾಢ ಮೈಬಣ್ಣದವರಿಗೆ ಮೊದಲು ನಿಜಕ್ಕೂ ಹೆಚ್ಚು ಆಯ್ಕೆ ಇರಲಿಲ್ಲ. 2017ರಲ್ಲಿ ಫೆಂಟಿ ಬ್ಯೂಟಿ ಅನ್ನುವ ಮೇಕಪ್ ಕಂಪನಿ ಒಟ್ಟಿಗೇ 40 ಶೇಡ್ ತಂದ ಮೇಲೆ ಬೇರೆ ಕಂಪನಿಗಳೂ ಪಟ್ಟಿ ಉದ್ದ ಮಾಡಿದವು. ಈಗ ನಿಮ್ಮ ಬಣ್ಣ ಸಿಗುವ ತನಕ ಹುಡುಕಬಹುದು, ಹುಡುಕಿ.

ಸಾಧ್ಯವಾದರೆ ಮೊದಲು ಸ್ಯಾಂಪಲ್ ಕೇಳಿ ತಗೊಂಡು ಒಂದು ಇಡೀ ದಿನ ಹಚ್ಚಿಕೊಂಡಿರಿ. ಮಧ್ಯಾಹ್ನ ಮೂಗಿನ ಪಕ್ಕದ ಮಡಿಕೆಯನ್ನು ಹತ್ತಿರದಿಂದ ನೋಡಿ, ಬಿರುಕು ಮೊದಲು ಕಾಣುವುದು ಅಲ್ಲೇ. ಒಂದು ಟಿಶ್ಯೂ ಪೇಪರನ್ನು ಉಜ್ಜದೆ ಸುಮ್ನೆ ಒತ್ತಿ ತೆಗೆಯಿರಿ. ಬರೀ ಎಣ್ಣೆ ಬಂದರೆ ಫೌಂಡೇಶನ್ ಗಟ್ಟಿಯಾಗಿ ಕೂತಿದೆ. ಬಣ್ಣವೂ ಧಾರಾಳವಾಗಿ ಬಂದರೆ ಅದು ನಿಮ್ಮ ಚರ್ಮಕ್ಕೆ ನಿಲ್ಲುವಂಥದ್ದಲ್ಲ.

ಫೌಂಡೇಶನ್‌ನಲ್ಲಿ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಸಂಖ್ಯೆ) ಇದೆ ಅಂತ ಸನ್‌ಸ್ಕ್ರೀನ್ ಬಿಡಬೇಡಿ. ಆ ಸಂಖ್ಯೆ ಅಳೆಯುವುದು ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಅಷ್ಟು ಫೌಂಡೇಶನ್ ಯಾರೂ ಬಳಿದುಕೊಳ್ಳುವುದಿಲ್ಲ. ಸನ್‌ಸ್ಕ್ರೀನ್ ಮೊದಲು, ಅದು ಚರ್ಮದ ಮೇಲೆ ಕೂತ ಮೇಲೆ ಇದು.

ಕೊಳ್ಳುವಾಗ ಸಣ್ಣ ಬಾಟಲಿ ಸಿಕ್ಕರೆ ಅದನ್ನೇ ತಗೊಳ್ಳಿ. ಬಾಟಲಿಯ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿಕ್ಕ ಚಿತ್ರ, ಅದರೊಳಗೆ 12 ಅಥವಾ 6 ಅಂತ ಒಂದು ಸಂಖ್ಯೆ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಅಂತ ಅರ್ಥ. ಅದಕ್ಕೂ ಮೊದಲೇ ವಾಸನೆ ಬದಲಾದರೆ, ಅಥವಾ ಅಲ್ಲಾಡಿಸಿದರೂ ಎಣ್ಣೆ ಬೇರೆ ಬಣ್ಣ ಬೇರೆ ಆಗಿಯೇ ಉಳಿದರೆ, ಎಸೆದುಬಿಡಿ.