ಬಾಗಿಲು ತೆರೆದು ಬೆಳಕು ಬದಲಾದರೆ ನ್ಯೂರಲ್ ಜಾಲ ಏನು ಮಾಡುತ್ತದೆ?

ವಿಡಿಯೊ ಗೇಮಿನ ನಡುವೆ ಬಾಗಿಲು ತೆರೆದು ಕೋಣೆಯ ಬೆಳಕೇ ಬದಲಾದರೆ, ಬೆಳಕನ್ನು ಊಹಿಸಲು ಮೊದಲೇ ಕಲಿಸಿಟ್ಟ ನ್ಯೂರಲ್ ಜಾಲ (ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ) ಕೆಲಸಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಮೊದಲೇ ಕಲಿಸುವುದೇ ಬೇಡ. ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ನ್ಯೂರಲ್ ರೇಡಿಯನ್ಸ್ ಕ್ಯಾಶಿಂಗ್ ವಿಧಾನವನ್ನು ನೋಡಿ. ಅದರ ಜಾಲ ಪುಟ್ಟದು. ದೃಶ್ಯ ಮೂಡುತ್ತಿರುವಾಗಲೇ, ಪ್ರತಿ ಫ್ರೇಮಿನಲ್ಲೂ ಕಲಿಯುತ್ತಿರುತ್ತದೆ. ದೃಶ್ಯದ ಬೆಳಕನ್ನು ಲೆಕ್ಕ ಹಾಕಲು ಕಂಪ್ಯೂಟರ್ ಓಡಿಸುವ ಕಿರಣಗಳಲ್ಲಿ ಹೆಚ್ಚಿನವನ್ನು ಕೆಲವೇ ಪ್ರತಿಫಲನಗಳ ನಂತರ ನಿಲ್ಲಿಸಿ, ಅಲ್ಲಿಂದಾಚೆಗಿನ ಬೆಳಕು ಎಷ್ಟೆಂದು ಜಾಲವನ್ನೇ ಕೇಳಲಾಗುತ್ತದೆ. ಬೆರಳೆಣಿಕೆಯ ಪಾಲನ್ನು ಮಾತ್ರ ಇನ್ನಷ್ಟು ದೂರ ಓಡಿಸಿ, ಅದರಿಂದ ಜಾಲಕ್ಕೆ ಪಾಠ. ತಮಾಷೆಯೆಂದರೆ ಆ ಪಾಠದ ಕೊನೆಯಲ್ಲೂ ಜಾಲದ್ದೇ ಊಹೆ: ಗುರುವೂ ತಾನೇ, ಶಿಷ್ಯನೂ ತಾನೇ! ಆದರೂ ಬದಲಾದ ಬೆಳಕಿಗೆ ಬೇಗ ಹೊಂದಿಕೊಳ್ಳುತ್ತದೆ. ಕಣ್ಣಿಗೆ ನೇರವಾಗಿ ಕಾಣುವ ಮೇಲ್ಮೈಗೆ ಮಾತ್ರ ಇದರ ಉತ್ತರವನ್ನು ಹಾಗೆಯೇ ಬಳಿಯಬೇಡಿ. ನೆರಳಿನ ಅಂಚುಗಳು ಮಸುಕಾಗುತ್ತವೆ.